ಕೋಡ್ ನಂಬರ್ ಇಪ್ಪತ್ತಮೂರು

ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡಿದೆಯಲ್ಲ, ಅದು ಮೊದಲಿನಿಂದ ಹಾಗಿರಲಿಲ್ಲ. ಅಂಕಲಿಯ ನೇಮಿನಾಥ ಹುಟ್ಟಿದ ದಿನ, ತೊಟ್ಟಿಲಲ್ಲಿ ಕೂಸು ಹೇಗಿದೆ ನೋಡೋಣವೆಂದು ಅದು ತುಸು ಬಗ್ಗಿತು. ಬಗ್ಗಿದ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಭೂಗೋಳದ ಪುಸ್ತಕಗಳಲ್ಲಿ ಈ ಸಂಗತಿ ಇಲ್ಲ, ಏಕೆಂದರೆ ಅವನ್ನು ಬರೆದವರು ಯಾರೂ ಅಂಕಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಲ್ಲ. ಇಳಿದಿದ್ದರೆ ನೇಮಿನಾಥ ಕೈಹಿಡಿದು ನಿಲ್ಲಿಸಿ ಹೇಳುತ್ತಿದ್ದ. ಇಳಿದವರಿಗೆಲ್ಲ ಹೇಳುತ್ತಾನೆ.

ನೇಮಿನಾಥ ಹುಟ್ಟಿದ್ದು ಆಗಸ್ಟ್ ಇಪ್ಪತ್ತಮೂರರಂದು. ಹಾಗೆಂದು ಅವನೇ ಹೇಳಿದ್ದು. ಚಂದ್ರಯಾನ ಚಂದ್ರನ ಮೇಲೆ ಇಳಿದದ್ದೂ ಆಗಸ್ಟ್ ಇಪ್ಪತ್ತಮೂರಕ್ಕೇ, ಅದೂ ಇಪ್ಪತ್ತಮೂರನೆಯ ಇಸವಿಯಲ್ಲಿ. "ನನ್ನ ಹುಟ್ಟಿದಹಬ್ಬಕ್ಕ ಇಷ್ಟ ಖರ್ಚ ಯಾಕ ಅಂದ್ನಿ, ಅವರು ಕೇಳಲಿಲ್ಲ" ಎಂದು ಅವತ್ತು ಊರೆಲ್ಲ ಪೇಢೆ ಹಂಚಿದ್ದ. ಅವನಿಗಿದ್ದ ಕೊರಗು ಒಂದೇ, ತನ್ನ ಹೆಸರು. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಪಾರ್ಶ್ವನಾಥರು ಇಪ್ಪತ್ತಮೂರನೆಯವರು, ನೇಮಿನಾಥರು ಇಪ್ಪತ್ತೆರಡನೆಯವರು. "ನಮ್ಮವ್ವ ಒಂದ ಪಾವಟಿಗಿ ಕಡಿಮಿ ಹತ್ತಿದ್ಲು" ಎಂದು ಅವನು ಬಸದಿಯ ಮೆಟ್ಟಿಲ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದ.

ಅದೇ ಓಣಿಯ ಕಾಡಸಿದ್ದ ಹುಟ್ಟಿದ್ದು ಅದೇ ವರ್ಷದ ಆಗಸ್ಟ್ ಇಪ್ಪತ್ತನಾಲ್ಕಕ್ಕೆ. ಇದರಲ್ಲಿ ಅನುಮಾನವಿಲ್ಲ. ಅವನ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದವನು. ಕಬ್ಬಿನ ಗಾಡಿ ಬಂದರೂ ತಾರೀಕು ಬರೆಯುತ್ತಿದ್ದ, ಮಗ ಬಂದರೂ ತಾರೀಕು ಬರೆದ. ಪ್ರತಿವರ್ಷ ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಕಾಡಸಿದ್ದನ ಫ್ಲೆಕ್ಸ್ ಎದ್ದು ನಿಲ್ಲುತ್ತದೆ. ಕಪ್ಪು ಕನ್ನಡಕ, ಬಿಳಿ ಅಂಗಿ, ಸುತ್ತ ಶುಭ ಕೋರುವ ಹನ್ನೆರಡು ಮುಖ. ನೇಮಿನಾಥ ಅದರ ಕೆಳಗೇ ನಿಂತು ಅವನಿಂದ ಅಣ್ಣಾ ಎನಿಸಿಕೊಳ್ಳುತ್ತಾನೆ.

"ಒಂದ ದಿನಕ್ಕ ಏನ ಹಿರ್ಯಾತನ ಬಂತೋ ಮಾರಾಯಾ?" ಎಂದು ಕಾಡಸಿದ್ದ ಮೊದಮೊದಲು ಗೊಣಗಿದ್ದುಂಟು.

"ಒಂದ ದಿನ ಬಿಡು, ಒಂದ ತಾಸು ಮೊದ್ಲ ಬಂದ್ರೂ ಅಣ್ಣನ" ಎಂದು ನೇಮಿನಾಥ ತೀರ್ಪು ಕೊಟ್ಟಿದ್ದ. ಈ ಮಾತನ್ನು ಓದುಗರು ನೆನಪಿಡಬೇಕು. ಕಾಡಸಿದ್ದ ನೆನಪಿಟ್ಟಿದ್ದ.

ಅವತ್ತಿನ ಫಜೀತಿ ಶುರುವಾದದ್ದು ಒಂದು ಪೆನ್ಸಿಲ್ ಗುರುತಿನಿಂದ.

ಊರ ಹಾಲಿನ ಡೈರಿಗೆ ಕಂಪ್ಯೂಟರ್ ಬಂದಿತ್ತು. ಹಾಲು ಹಾಕುವವರೆಲ್ಲ ಆಧಾರ್ ಕಾರ್ಡ್ ತಂದು ತಮ್ಮ ಕೋಡ್ ನಂಬರನ್ನು ಹೊಸದಾಗಿ ಬರೆಸಬೇಕೆಂದು ಸೆಕ್ರೆಟರಿ ಬಾಬಾಸಾಹೇಬ ಹಿಂದಿನ ದಿನವೇ ಸಾರಿದ್ದ. ಡೈರಿಯಲ್ಲಿ ಮನುಷ್ಯನಿಗೆ ಹೆಸರಿಲ್ಲ, ನಂಬರೇ ಹೆಸರು. ಬಾಬಾಸಾಹೇಬ ನಂಬರ್ ಕೂಗಿದರೆ ಕೃಷ್ಣೆಯ ಆಚೆ ದಡದಲ್ಲಿ ಮೇಯುತ್ತಿದ್ದ ಎಮ್ಮೆಗಳೂ ತಲೆಯೆತ್ತುತ್ತವೆ. ನೇಮಿನಾಥನ ನಂಬರ್ ಅರವತ್ತೊಂದು. ಅದನ್ನು ಅವನು ಹತ್ತು ವರ್ಷದಿಂದ ಕಾಲಿಗೆ ಹತ್ತದ ಚಪ್ಪಲಿಯಂತೆ ಹಾಕಿಕೊಂಡು ತಿರುಗುತ್ತಿದ್ದ. ಇಪ್ಪತ್ತಮೂರು ಇದ್ದದ್ದು ಮುದುಕ ಜಮಾಲಸಾಬನ ಬಳಿ. ಕಳೆದ ತಿಂಗಳು ಜಮಾಲಸಾಬ ಎಮ್ಮೆ ಮಾರಿದ. ಎಮ್ಮೆ ಹೋದರೂ ಚಟ ಹೋಗದೆ ದಿನವೂ ಮುಂಜಾನೆ ಬಂದು ಡೈರಿಯ ಕಟ್ಟೆಯ ಮೇಲೆ ಕೂಡುತ್ತಿದ್ದ.

ನೇಮಿನಾಥ ಸ್ನಾನ ಮಾಡಿ, ಕುಂಕುಮದ ಬಣ್ಣದ ಅಂಗಿ ತೊಟ್ಟು, ಮದುಮಗನಂತೆ ಹಾಲಿನ ಕ್ಯಾನ್ ಹಿಡಿದು ಬಂದ. ಮೇಜಿನ ಮೇಲಿನ ಪಟ್ಟಿ ನೋಡಿದ. ಇಪ್ಪತ್ತಮೂರರ ಮುಂದೆ ಪೆನ್ಸಿಲಿನಲ್ಲಿ ಕಾಡಸಿದ್ದನ ಹೆಸರು ಬರೆದಿತ್ತು.

"ಬಾಬಾಸಾಹೇಬ್ರ, ಇದೇನ್ರಿ ಇದು?"

"ಕಾಡಸಿದ್ದ ಹೊಸಾ ಎಮ್ಮಿ ತಂದಾನ. ನಂಬರ್ ಕೇಳಿದ. ಖಾಲಿ ಇದ್ದದ್ದು ಕೊಟ್ನಿ."

"ಅದು ಖಾಲಿ ಇರಲಿಲ್ರಿ. ನನ್ನ ದಾರಿ ಕಾಯಾಕತ್ತಿತ್ತು."

ಸಾಲಿನಲ್ಲಿ ನಿಂತಿದ್ದ ಕಾಡಸಿದ್ದ ಹಲ್ಲುಕಿರಿದ. "ನೇಮಣ್ಣಾ, ನಂಬರಿಗೇನ ಕೋಡ ಅದಾವೇನೋ? ಹಾಲ ಅಳ್ಯಾಕ ಯಾವುದಾದ್ರೇನು?"

ಈ ಪ್ರಶ್ನೆಯನ್ನು ಅವನು ಕೇಳಬಾರದಿತ್ತು. ಒಡ್ಡು ಒಡೆದ ಕಾಲುವೆಗೆ ಯಾಕೆ ಹರಿಯುತ್ತೀ ಎಂದು ಕೇಳಿದ ಹಾಗಾಯಿತು. ನೇಮಿನಾಥ ಕ್ಯಾನ್ ಕೆಳಗಿಟ್ಟು, ಫ್ಯಾಟ್ ನೋಡುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಹತ್ತಿ ನಿಂತ.

"ಮನಶ್ಯಾನ ಮೈಯಾಗ ಕ್ರೋಮೋಸೋಮ್ ಅಂತ ಅದಾವ. ಎಷ್ಟ? ಇಪ್ಪತ್ಮೂರು ಜೋಡಿ. ನಿನ್ನ ಮೈಯಾಗೂ ಅದಾವ ಕಾಡ್ಯಾ, ಮಾರಿ ನೋಡಿದ್ರ ಹಂಗ ಅನಸೂದಿಲ್ಲ."

"ಎಮ್ಮಿಗಿ ಎಷ್ಟ ಅದಾವು?" ಎಂದು ಜಮಾಲಸಾಬ ಕಟ್ಟೆಯ ಮೇಲಿಂದ ಕೇಳಿದ.

ನೇಮಿನಾಥ ಮೊಬೈಲ್ ತೆಗೆದು ಹುಡುಕಿದ. ಮುಖ ಸ್ವಲ್ಪ ಸಣ್ಣದಾಯಿತು. "ಇಪ್ಪತ್ತೈದು ಜೋಡಿ."

"ಅಂದ್ರ ನಿನಗಿಂತ ಎಮ್ಮಿ ಎರಡ ಜೋಡಿ ಮ್ಯಾಲ" ಎಂದ ಕಾಡಸಿದ್ದ. ಸಾಲು ಸಾಲೇ ನಕ್ಕಿತು. ಎರಡು ಕ್ಯಾನಿನ ಹಾಲು ತುಳುಕಿತು.

ಆದರೆ ನಂಬರಿನ ಕಡೆಗೂ ಜನ ಹುಟ್ಟಿಕೊಂಡರು. ಜಮಾಲಸಾಬ ಗಡ್ಡ ನೀವಿಕೊಂಡು, "ಅದೇನ ಸುಳ್ಳಲ್ಲಪಾ. ಕುರಾನ್ ಪೂರ್ತಿ ಇಳೀಯಾಕ ಇಪ್ಪತ್ಮೂರು ವರ್ಷ ಹಿಡೀತಂತ. ಮೌಲಾನಾ ಹೇಳ್ತಾರ" ಎಂದ. ಹಿಂದೆ ನಿಂತಿದ್ದ ಲಖನ, "ಅಂಬೇಡ್ಕರ್ ಅವರು ಬಡೋದೆಯಾಗ ಅಸ್ಪೃಶ್ಯತಾ ಅಳಸ್ತೀನಿ ಅಂತ ಸಂಕಲ್ಪ ಮಾಡಿದ್ದೂ ಸೆಪ್ಟೆಂಬರ್ ಇಪ್ಪತ್ಮೂರಕ್ಕ. ನಮ್ಮ ಬುದ್ಧ ವಿಹಾರದಾಗ ವರ್ಷಾ ಕಾರ್ಯಕ್ರಮ ಇರತೈತಿ" ಎಂದ. ಚಿಕ್ಕೋಡಿ ಗಾಡಿಗಳ ನಂಬರ್ ಶುರುವಾಗುವುದೇ ಕೆಎ ಇಪ್ಪತ್ತಮೂರರಿಂದ ಎಂದು ಮತ್ತೊಬ್ಬ ನೆನಪಿಸಿದ. ರೈತರ ದಿನ ಬರುವುದು ಡಿಸೆಂಬರ್ ಇಪ್ಪತ್ತಮೂರಕ್ಕೆ ಎಂದು ನೇಮಿನಾಥ ಕೂಗಿದ. ಅವನ ಕಣ್ಣು ಕಾದ ಬಾಣಲೆಯ ಸಾಸಿವೆಯಂತೆ ಸಿಡಿಯುತ್ತಿತ್ತು.

"ಇವೆಲ್ಲಾ ಪುಸ್ತಕದಾಗಿನ ಮಾತು" ಎಂದ ಕಾಡಸಿದ್ದ. "ಇಲ್ಲಿ, ಈ ಡೈರ್ಯಾಗ, ನಮ್ಮ ಕಣ್ಣಮುಂದ ನಿನ್ನ ನಂಬರ್ ಏನ ಮಾಡಿ ತೋರಸತೈತಿ? ಅದನ್ನ ಹೇಳು."

ನೇಮಿನಾಥನಿಗೆ ಬೇಕಾದದ್ದೂ ಅದೇ.

"ಇಪ್ಪತ್ಮೂರು ಮಂದಿನ್ನ ನಿಂದರಸ್ರಿ. ಯಾರರೆ ಆಗ್ಲಿ. ಅದರಾಗ ಇಬ್ಬರದು ಹುಟ್ಟಿದ ತಾರೀಕ ಒಂದ ಇರತೈತಿ. ಇರಲಿಕ್ಕಬೇಕು. ವಿಜ್ಞಾನ ಹೇಳತೈತಿ."

"ವರ್ಷಕ್ಕ ಮುನ್ನೂರಾ ಅರವತ್ತೈದು ದಿನ. ಅದರಾಗ ಇಪ್ಪತ್ಮೂರು ಮಂದಿ ಅಂದ್ರ ಎಕರೆ ಹೊಲಕ್ಕ ಹಿಡಿ ಜ್ವಾಳ ಒಗದಂಗ. ಎರಡ ಕಾಳ ಒಂದ ಕುಣ್ಯಾಗ ಬೀಳ್ತಾವೇನು?"

"ಬೀಳ್ತಾವ. ಬೀಳಲಿಲ್ಲಂದ್ರ ಆ ನಂಬರ್ ನೀನ ಇಟ್ಕೋ. ಇನ್ನ ಮ್ಯಾಲ ಈ ಡೈರ್ಯಾಗ ನನ್ನ ಬಾಯಿಂದ ಇಪ್ಪತ್ಮೂರು ಅನ್ನೋ ಮಾತ ಬಂದ್ರ ನನ್ನ ಹಾಲ ತಗೋಬ್ಯಾಡ್ರಿ. ಬಿದ್ದು ಅಂದ್ರ ನಂಬರ್ ನಂದು."

ನೇಮಿನಾಥ ಮೊಬೈಲಿನಲ್ಲಿ ಓದಿದ್ದು ಸುಳ್ಳಲ್ಲ. ಆದರೆ ಇಪ್ಪತ್ತಮೂರು ಜನ ಸೇರಿದರೆ ಹಾಗಾಗುವ ಸಂಭವ 'ಅರ್ಧಕ್ಕಿಂತ ತುಸು ಹೆಚ್ಚು' ಎಂದು ಅಲ್ಲಿ ಬರೆದಿತ್ತು. ಆ ಅರ್ಧವನ್ನು ಅವನು ಓದಿದ ದಿನವೇ ನುಂಗಿ ನೀರು ಕುಡಿದಿದ್ದ. ಬಾಬಾಸಾಹೇಬನಿಗೋ ಇಪ್ಪತ್ತಮೂರರ ಪುರಾಣ ಕೇಳಿ ಕೇಳಿ ಕಿವಿ ತೂತಾಗಿತ್ತು. ಸೋತರೆ ಬಾಯಿ ಮುಚ್ಚುತ್ತಾನಲ್ಲ ಎಂಬ ಆಸೆಗೆ ಪಣಕ್ಕೆ ಒಪ್ಪಿದ.

ಸಾಲಿನಲ್ಲಿ ಎಣಿಸಿದರು, ನೇಮಿನಾಥ, ಕಾಡಸಿದ್ದ ಸೇರಿ ಇಪ್ಪತ್ತೊಂದು ಜನ. ಬಾಬಾಸಾಹೇಬನನ್ನು ಸೇರಿಸಿ ಇಪ್ಪತ್ತೆರಡು. ಇನ್ನೊಬ್ಬ ಬೇಕು, ಜಮಾಲಸಾಬನ ಬಳಿ ಕಾರ್ಡ್ ಇರಲಿಲ್ಲ. ಅಷ್ಟರಲ್ಲಿ ಹಾಲು ಒಯ್ಯುವ ವ್ಯಾನ್ ಬಂತು. ಅದರ ಡ್ರೈವರ್, ಸತ್ತಿ ಊರಿನ ವಿಕ್ರಾಂತನನ್ನು ನೇಮಿನಾಥ ಸೀಟಿನಿಂದಲೇ ಜಗ್ಗಿ ಇಳಿಸಿದ.

"ಹಾಲ ಒಡೀತಾವ್ರಿ ಅಣ್ಣಾರ" ಎಂದು ವಿಕ್ರಾಂತ ಗೋಗರೆದ.

"ಒಡದ್ರ ಪನೀರ್ ಆಕ್ಕಾವ. ಲೈಸೆನ್ಸ್ ತಗಿ."

ಬಾಬಾಸಾಹೇಬ ಕನ್ನಡಕ ಏರಿಸಿ ಕಾರ್ಡುಗಳನ್ನು ಓದತೊಡಗಿದ. ಮೊದಲು ಲಖನನದು: ಜೂನ್ ಒಂದು. ಎರಡನೆಯದು: ಜೂನ್ ಒಂದು.

ನೇಮಿನಾಥ ಸ್ಟೂಲಿನಿಂದ ಹಾರಿದ ಹಾರಿಕೆಗೆ ಡೈರಿಯ ತಗಡಿನ ಚಾವಣಿಗೆ ಇವತ್ತಿಗೂ ತಲೆಯ ಗುರುತಿದೆ. "ಬಂತೋ ಇಲ್ಲೋ? ಎರಡನೇ ಕಾರ್ಡಿಗೇ ಬಂತೋ ಇಲ್ಲೋ?"

"ತಡಿ, ಪೂರಾ ಓದ್ತೀನಿ" ಎಂದ ಬಾಬಾಸಾಹೇಬ. ಮೂರನೆಯದು ಜೂನ್ ಒಂದು. ನಾಲ್ಕನೆಯದು ಜೂನ್ ಒಂದು. ಐದು, ಆರು, ಏಳು ಜೂನ್ ಒಂದು. ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಬಾಬಾಸಾಹೇಬ ತನ್ನದನ್ನೂ ಓದಿದ, ಜೂನ್ ಒಂದು. ನೇಮಿನಾಥನ ಕಾರ್ಡನ್ನು ಅವನ ಜೇಬಿನಿಂದ ಕಿತ್ತೇ ಓದಬೇಕಾಯಿತು: ಜೂನ್ ಒಂದು. ಚಿಟಿಕೆ ಉಪ್ಪು ಬೇಡಿದವನ ಸಾರಿಗೆ ಚೀಲವನ್ನೇ ಸುರಿದಂತಾಯಿತು. ದವಾಖಾನೆಯಲ್ಲಿ ಹುಟ್ಟಿದ ಮೂವರು ಹುಡುಗರು ಮತ್ತು ಕಾಡಸಿದ್ದನನ್ನು ಬಿಟ್ಟು ಉಳಿದ ಹತ್ತೊಂಬತ್ತು ಜನರೂ, ಸತ್ತಿಯ ವಿಕ್ರಾಂತ ಸಮೇತ, ಜೂನ್ ಒಂದಕ್ಕೇ ಹುಟ್ಟಿದ್ದರು.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಸಾಲೆಗೆ ಹೆಸರು ಹಚ್ಚುವ ದಿನ ಗುರುಗಳು ತಾರೀಕು ಕೇಳುತ್ತಿದ್ದರು. "ಕಬ್ಬ ಕಡಿಯೂ ಮುಂದ ಹುಟ್ಟೇತ್ರಿ" ಎನ್ನುತ್ತಿದ್ದರು ತಂದೆತಾಯಿ. ಗುರುಗಳು ನೊಣ ಓಡಿಸಿದಷ್ಟು ಸಲೀಸಾಗಿ ಜೂನ್ ಒಂದು ಎಂದು ಬರೆದು ಮುಂದಿನ ಕೂಸನ್ನು ಕರೆಯುತ್ತಿದ್ದರು.

"ಇದು ನಿನ್ನ ನಂಬರಿನ ಮಹಿಮಾ ಅಲ್ಲ, ಗುರುಗಳ ಪೆನ್ನಿನ ಮಹಿಮಾ" ಎಂದ ಕಾಡಸಿದ್ದ. "ಮೂರ ಮಂದಿನ್ನ ನಿಲ್ಲಿಸಿದ್ರೂ ಜೂನ್ ಒಂದ ಬರತಿತ್ತು. ಖರೇ ಹುಟ್ಟಿದ ದಿನ ಬೇಕು."

"ಹೌದ ಮತ್ತ" ಎಂದ ಬಾಬಾಸಾಹೇಬ. "ನೇಮಿನಾಥ, ನೀನ ಜೂನ್ ಒಂದಕ್ಕ ಹುಟ್ಟಿಲ್ಲ ಅಂತ ನಮಗ ಹತ್ತು ವರ್ಷದಿಂದ ಹೇಳಾಕತ್ತೀಯಲ್ಲೋ."

ಗೆದ್ದ ಪಣ ಕೈಯಿಂದ ಜಾರುತ್ತಿತ್ತು. ವಿಕ್ರಾಂತ ವ್ಯಾನಿನ ಕಡೆ ಹೊರಟ. ಕಾಡಸಿದ್ದ ಪೆನ್ಸಿಲ್ ಹೆಸರಿನ ಮೇಲೆ ಪೆನ್ನು ಆಡಿಸಲು ಕೈ ಚಾಚಿದ. ಆಗಲೇ ಅರ್ಧ ಲೀಟರ್ ಹಾಲು ಒಯ್ಯಲು ತಂಬಿಗೆ ಹಿಡಿದು ಮದಿನಾಬಿ ಬಂದಳು. ನಲವತ್ತು ವರ್ಷ ಊರಿನ ಹೆರಿಗೆ ಮಾಡಿಸಿದವಳು. ಸಾಲಿನಲ್ಲಿದ್ದ ಗಡ್ಡಮೀಸೆಗಳೆಲ್ಲ ಮೊದಲ ಸಲ ಅತ್ತದ್ದು ಅವಳ ಅಂಗೈಯಲ್ಲೇ. ನೇಮಿನಾಥ ಮುಳುಗುವವನು ಎಮ್ಮೆಯ ಬಾಲ ಹಿಡಿದಂತೆ ಅವಳ ಸೆರಗು ಹಿಡಿದ.

"ಅಜ್ಜಿ, ನಿಮ್ಮ ಕೈಯಾಗ ಹುಟ್ಟಿದವರು ಇವರು. ಇದರಾಗ ಯಾರರೆ ಇಬ್ಬರು ಒಂದ ದಿನ ಹುಟ್ಟ್ಯಾರೇನ್ರಿ? ನೆನಪ ಮಾಡ್ಕೋರಿ. ನನ್ನ ಮಾನದ ಪ್ರಶ್ನಿ ಐತಿ."

ಮದಿನಾಬಿ ತಂಬಿಗೆ ಕೆಳಗಿಟ್ಟು ಸಾಲಿನ ಉದ್ದಕ್ಕೂ ಸೈನ್ಯ ನೋಡುವ ಸೇನಾಪತಿಯಂತೆ ನಡೆದಳು. ಲಖನನ ಗದ್ದ ಹಿಡಿದು, "ನೀ ಹೊಳಿ ಉಕ್ಕಿ ಬಂದಾಗ. ನಿಮ್ಮವ್ವನ್ನ ಪತರಾಸ ತಗಡಿನ ಮ್ಯಾಲ ಹೊತ್ಕೊಂಡ ಬಂದಿದ್ರು" ಎಂದಳು. ಬಾಬಾಸಾಹೇಬನಿಗೆ, "ನೀ ಉಲ್ಟಾ ಬಂದಿದ್ದಿ. ಇನ್ನೂ ಹಂಗ ಅದಿ" ಎಂದಳು. ತಾರೀಕು ಮಾತ್ರ ಒಂದೂ ಹೊರಡಲಿಲ್ಲ. ನೇಮಿನಾಥ ಬೆವರಿ, ಅವನ ಅಂಗಿಯ ಕುಂಕುಮದ ಬಣ್ಣ ಕುತ್ತಿಗೆಗೆ ಇಳಿಯತೊಡಗಿತು.

ಕೊನೆಗೆ ಅವಳು ಕಾಡಸಿದ್ದನ ಮುಂದೆ ನಿಂತಳು, ತಿರುಗಿ ನೇಮಿನಾಥನನ್ನು ನೋಡಿದಳು, ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಯಾರಿಗಿ ಹುಡಕ್ತೀಯೋ ಹುಚ್ಚಪ್ಪಾ? ನೀವ ಇಬ್ಬರ ಅಲ್ಲೇನು? ಒಂದ ಓಣಿ, ಒಂದ ದಿನ. ನನಗ ಅವತ್ತ ಕೂಡಾಕ ಪುರಸತ್ತ ಇರಲಿಲ್ಲ."

ಡೈರಿ ಹೋ ಎಂದಿತು. ನೇಮಿನಾಥ ಮದಿನಾಬಿಯ ಕಾಲಿಗೆ ಬಿದ್ದ, ಜಮಾಲಸಾಬನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದ, ವಿಕ್ರಾಂತನ ಕೆನ್ನೆಗೆ ಮುತ್ತು ಕೊಟ್ಟ. "ಖರೇ ಹುಟ್ಟಿದ ದಿನ, ಇಪ್ಪತ್ಮೂರ ಮಂದ್ಯಾಗ ಇಬ್ಬರು. ಅಳಸ್ರಿ ಬಾಬಾಸಾಹೇಬ್ರ, ಆ ಪೆನ್ಸಿಲ್ ಅಳಸ್ರಿ."

ಬಾಬಾಸಾಹೇಬ ಅಳಿಸಿದ. ಕಾಡಸಿದ್ದ ತನ್ನ ಹೆಸರು ಪೂರ್ತಿ ಅಳಿಸುವವರೆಗೆ ಕಾದ. ಆಮೇಲೆ ನಿಧಾನವಾಗಿ ಮೊಬೈಲ್ ತೆಗೆದು, ಹೋದ ವರ್ಷದ ತನ್ನ ಫ್ಲೆಕ್ಸಿನ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಿಡಿದ. ಕಪ್ಪು ಕನ್ನಡಕದ ಕೆಳಗೆ ಗೇಣುದ್ದದ ಅಕ್ಷರ: ಆಗಸ್ಟ್ ಇಪ್ಪತ್ತನಾಲ್ಕು.

"ನೇಮಣ್ಣಾ, ನಾ ಹುಟ್ಟಿದ್ದು ಇಪ್ಪತ್ನಾಲ್ಕಕ್ಕ. ನಮ್ಮಿಬ್ಬರದು ಒಂದ ದಿನ. ಹಂಗಾದ್ರ ನೀ ಯಾವತ್ತ ಹುಟ್ಟಿದಿ?"

ಕರೆಂಟ್ ಹೋದಾಗ ಫ್ಯಾನು ನಿಲ್ಲುವ ಹಾಗೆ ನೇಮಿನಾಥ ತಿರುಗಿ ತಿರುಗಿ ನಿಂತ.

"ನೀ ಇಪ್ಪತ್ಮೂರಕ್ಕ ಹುಟ್ಟಿದ್ದ ಖರೇ ಆದ್ರ ನಮ್ಮದು ಒಂದ ದಿನ ಅಲ್ಲ, ಪಣ ಸೋತಿ. ಒಂದ ದಿನ ಅನ್ನೂದ ಖರೇ ಆದ್ರ ನಂಬರ್ ನಿಂದು, ಆದ್ರ ನೀ ಇಪ್ಪತ್ನಾಲ್ಕರ ಗಿರಾಕಿ. ಯಾವುದ ಬೇಕ ಆರಿಸ್ಕೋ."

ನೇಮಿನಾಥ ತಡವರಿಸಿದ. "ಅಜ್ಜಿ, ನಾ ನಡುರಾತ್ರಿ ಹನ್ನೆರಡರ ಈಚಿ ಹುಟ್ಟಿರಬೇಕು, ಇವ ಹನ್ನೆರಡರ ಆಚಿ…"

"ಎಲ್ಲೀ ರಾತ್ರಿ?" ಎಂದಳು ಮದಿನಾಬಿ. "ಮುಂಜಾನಿ ಇಂವ ಹುಟ್ಟಿದ. ಮಧ್ಯಾಹ್ನ ಇವರ ಮನ್ಯಾಗ ನನಗ ಹೋಳಿಗಿ ಉಣ್ಣಾಕ ಹಾಕಿದ್ರು. ಊಟ ಮುಗದಿಲ್ಲ, ನಿಮ್ಮಪ್ಪ ಓಡಿ ಬಂದ. ಎರಡ ಸಲ ಕೈ ತೊಳದ್ರೂ ತುಪ್ಪದ ಜಿಡ್ಡ ಹೋಗಲಿಲ್ಲ. ಆ ಕೈಲೇ ನಿನ್ನ ಹಿಡದೀನಿ. ಅದಕ್ಕ ನೀ ಹಿಂಗ ಜಾರ್ತಿ."

"ಅಂದ್ರ ನಾ ಮೊದ್ಲ" ಎಂದ ಕಾಡಸಿದ್ದ. "ಒಂದ ತಾಸು ಮೊದ್ಲ ಬಂದ್ರೂ ಅಣ್ಣನ ಅಂತ ಯಾರೋ ಹಿರ್ಯಾರು ಹೇಳಿದ್ರು."

ಎಲ್ಲರೂ ನೇಮಿನಾಥನನ್ನೇ ನೋಡುತ್ತಿದ್ದರು. ಒಂದು ಕಡೆ ಹುಟ್ಟಿದ ದಿನ, ಚಂದ್ರಯಾನ, ಹಿರಿತನ. ಇನ್ನೊಂದು ಕಡೆ ನಂಬರ್.

"ನಂಬರ್ ಬರೀರಿ" ಎಂದ ಮೆಲ್ಲಗೆ.

ಬಾಬಾಸಾಹೇಬ ಕಂಪ್ಯೂಟರಿನ ಗುಂಡಿ ಒತ್ತಿದ, ಆದರೆ ಕೈ ಅಲ್ಲೇ ನಿಲ್ಲಿಸಿದ. "ಬರದ್ನಿ. ಆದ್ರ ಒಂದ ತಿಳೀವಲ್ದು. ನೀ ಹೆಸರಿನಿಂದ ಇಪ್ಪತ್ತೆರಡು, ಹುಟ್ಟಿನಿಂದ ಇಪ್ಪತ್ನಾಲ್ಕು. ನಡುವಿಂದು ನಿನಗ ಎಲ್ಲಿಂದ ಗಂಟಬಿತ್ತೋ?"

ನೇಮಿನಾಥ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅವನ ಹೆಂಡತಿ ನೀಲಮ ಕಾಣಿಸಿಕೊಂಡಳು. ಕ್ಯಾನ್ ಕೊಟ್ಟುಬರಲು ಹೋದ ಗಂಡ ಎರಡು ತಾಸಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ಅವಳೆದುರು ಹೊಸ ಸುಳ್ಳು ಹುಟ್ಟಲಿಲ್ಲ. ಹಳೆಯವು ಮುಗಿದಿದ್ದವು. ನೇಮಿನಾಥ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಎಸ್ಸೆಸ್ಸೆಲ್ಸಿ ಗಣಿತದಾಗ ಬಿದ್ದಿದ್ವು ರೀ. ಮೊದಲನೇ ಸಲ. ಇಪ್ಪತ್ಮೂರು."

"ಇಪ್ಪತ್ತೈದಕ್ಕ?" ಎಂದ ಜಮಾಲಸಾಬ ಕನಿಕರದಿಂದ.

"ನೂರಕ್ಕ."

ಬಾಬಾಸಾಹೇಬ ಕನ್ನಡಕ ತೆಗೆದ. ನೇಮಿನಾಥ ಮುಂದುವರಿಸಿದ.

"ಚಿಕ್ಕೋಡ್ಯಾಗ ರಿಸಲ್ಟ್ ನೋಡಿ ಒಬ್ಬನ ಬಸ್ ಹತ್ತಿದ್ನಿ. ಬಸ್ಸಿನ ನಂಬರ್ ಕೆಎ ಇಪ್ಪತ್ಮೂರು. ಮುಂದಿನ ಗಾಡಿ ನೋಡಿದ್ರ ಅದೂ ಇಪ್ಪತ್ಮೂರು. ಎಲ್ಲಿ ನೋಡಿದ್ರೂ ಅದ ಕಾಣಾಕ ಹತ್ತಿತು. ಮಾರ್ಕ್ಸ್ ಬೆನ್ನ ಹತ್ತೇತಿ ಅಂತ ಹೆದರಿಕಿ ಆತು. ಮನಿಯಾಗ ಜ್ವರಾ ಬಂದು ಪರೀಕ್ಷಾ ತಪ್ಪೇತಿ ಅಂದ್ನಿ. ಆಮ್ಯಾಲ ಅನಿಸ್ತು, ಇಷ್ಟ ಬೆನ್ನ ಹತ್ತೇತಿ ಅಂದಮ್ಯಾಲ ಏನರೆ ದೊಡ್ಡದ ಇರಬೇಕು. ಹುಡುಕಿದ್ನಿ. ಹುಡುಕಿದಂಗ ಸಿಕ್ಕೋತ ಹೋತು. ಇಂಥಾ ದೊಡ್ಡ ನಂಬರ್ ಬಿದ್ದಾವ ಅಂದ್ರ ನಾನೂ ಸಣ್ಣಾವ ಅಲ್ಲ ಅನಿಸ್ತು. ಹುಟ್ಟಿದ ದಿನಾನೂ ಒಂದ ದಿನ ಹಿಂದ ಸರಿಸಿದ್ನಿ. ಹೇಳಿ ಹೇಳಿ ನನಗೂ ಅದ ಖರೇ ಅನಿಸಿಬಿಟ್ಟಿತ್ತು."

ನೀಲಮ ಸೊಂಟದ ಮೇಲೆ ಕೈಯಿಟ್ಟಳು. "ಹೆಣ್ಣ ನೋಡಾಕ ಬಂದಾಗ ಗಣಿತದಾಗ ಎಂಬತ್ಮೂರು ಅಂದಿದ್ರಿ."

"ಮೂರು ಖರೇ ಇತ್ತು" ಎಂದ ನೇಮಿನಾಥ.

ಯಾರು ಮೊದಲು ನಕ್ಕರೋ ತಿಳಿಯಲಿಲ್ಲ. ನಗೆ ನಿಲ್ಲುವಷ್ಟರಲ್ಲಿ ವಿಕ್ರಾಂತ ಖಾಲಿ ಕ್ಯಾನುಗಳನ್ನು ವ್ಯಾನಿನಿಂದ ಇಳಿಸತೊಡಗಿದ್ದ. ಬಾಬಾಸಾಹೇಬ ಕನ್ನಡಕ ಒರೆಸಿಕೊಂಡು, ಅಳತೆಯ ಮುಂದೆ ಕುಳಿತು, ಎಂದಿನ ಗಂಟಲಿನಲ್ಲಿ ಹೊಸ ಪಟ್ಟಿಗೆ ಮೊದಲು ಏರಿದ ನಂಬರ್ ಕೂಗಿದ.

"ಇಪ್ಪತ್ಮೂರು…"

ಇಡೀ ಸಾಲು ಒಂದೇ ಉಸಿರಿನಲ್ಲಿ ಪೂರ್ತಿ ಮಾಡಿತು: "ನೂರಕ್ಕ."

ಇಪ್ಪತ್ತೈದು ವರ್ಷ ಮುಚ್ಚಿಟ್ಟ ಮಾರ್ಕ್ಸನ್ನು ದಿನಕ್ಕೆರಡು ಸಲ, ಮುಂಜಾನೆ ಒಮ್ಮೆ ಸಂಜೆ ಒಮ್ಮೆ, ಊರಿಗೆಲ್ಲ ಕೇಳುವಂತೆ ಕೂಗಿಸುವ ಹಕ್ಕನ್ನು ತಾನು ಹೋರಾಡಿ ಗೆದ್ದಿದ್ದೇನೆಂದು ನೇಮಿನಾಥನಿಗೆ ಆಗ ತಿಳಿಯಿತು. ಕ್ಯಾನ್ ಎತ್ತಿಕೊಂಡು ಮುಂದೆ ಬಂದ. ದಾರಿಗೆ ಅಡ್ಡ ಕಾಡಸಿದ್ದ ನಿಂತಿದ್ದ. ಸರಿಯಲಿಲ್ಲ, ಕಾಯುತ್ತ ನಿಂತ.

"ತುಸು ಸರೀ… ಅಣ್ಣಾ" ಎಂದ ನೇಮಿನಾಥ.

ಕಾಡಸಿದ್ದ ಸರಿದ. ಹಾಲು ಸುರಿದಾಯಿತು. ಕಟ್ಟೆಯ ಮೇಲಿಂದ ಜಮಾಲಸಾಬ, ಎಲ್ಲ ಮುಗಿದ ಮೇಲೆ ನೆನಪಾದವನಂತೆ, ಕೇಳಿದ.

"ನೇಮಿನಾಥ, ಮತ್ತ ಆ ಭೂಮಿ ನಿನ್ನ ತೊಟ್ಟಲಾ ನೋಡಾಕ ಬಗ್ಗಿದ್ದು?"

ನೇಮಿನಾಥ ಖಾಲಿ ಕ್ಯಾನಿನ ಮುಚ್ಚಳ ಹಾಕಿ, ಹೆಂಡತಿಯ ಮುಖ ನೋಡಿ, ತಲೆ ಕೆರೆದುಕೊಂಡ.

"ಅದು ನಾ ಹುಟ್ಟೂ ಮೊದಲ ಬಗ್ಗಿತ್ತರಿ ಕಾಕಾ."